ಒಂದೇ ಹಸಿರಿನ ಎರಡು ಸೀರೆ

ಎರಡರಲ್ಲಿ ಯಾವುದು ಸತ್ತವಳ ಸೀರೆ, ಯಾವುದು ಬದುಕಿರುವವಳ ಸೀರೆ ಎಂದು ನರಸಿಂಹಪ್ಪನಿಗೆ ಗೊತ್ತಾಗಲಿಲ್ಲ. ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಕೂದಲು ಒರೆಸಿಕೊಳ್ಳುತ್ತ ನಡುಮನೆಗೆ ಬಂದವನು ಮಣೆಯ ಮುಂದೆ ಹಾಗೇ ನಿಂತುಬಿಟ್ಟ. ಮಣೆಯ ಮೇಲೆ ಕಳಶ, ಕಳಶದ ಮುಂದೆ ಎರಡು ಸೀರೆ, ಒಂದರ ಮೇಲೊಂದು. ಎರಡೂ ಎಲೆಹಸಿರು, ಎರಡಕ್ಕೂ ಕೆಂಪು ಅಂಚು, ಎರಡರ ಮಡಿಕೆಯೂ ಒಂದೇ. ರಾತ್ರಿ ಅವನು ಒಂದನ್ನು ದೇವರ ಗೂಡಿನ ಹತ್ತಿರ, ಇನ್ನೊಂದನ್ನು ಬೀರುವಿನಲ್ಲಿ ಬೇರೆ ಬೇರೆಯಾಗಿಯೇ ಇಟ್ಟಿದ್ದ. ಅವನ ತಾಯಿ ಪಿಳ್ಳಮ್ಮ ಬೆಳಕು ಹರಿಯುವ ಮುಂಚೆಯೇ ಎದ್ದು, ಕಳಶಕ್ಕೆ ಸುತ್ತುವ ಬಟ್ಟೆ ಹುಡುಕುತ್ತ ಬೀರು ತೆಗೆದವಳು, ಎರಡನ್ನೂ ಕವರಿನಿಂದ ಬಿಚ್ಚಿ ಅರಿಶಿನದ ನೀರು ಚಿಮುಕಿಸಿ ಮಣೆಗೆ ಏರಿಸಿದ್ದಳು. "ಅಯ್ಯೋ, ಎರಡೂ ಯಾಕಮ್ಮಾ ಇಕ್ಕಿದ್ದು?" ಎಂದರೆ ಮುದುಕಿಗೆ ಅರ್ಧ ಮಾತು ಕೇಳಿಸಿತು. "ಹ್ಞೂ ಕಣ್ಲಾ, ಈ ಸಲ ಎಲ್ಡು ತಂದಿದ್ದೀಯ. ಒಳ್ಳೇದೇ ಮಾಡ್ದೆ. ಪಾಪ, ಬದುಕಿದ್ದಾಗ ಏನು ಉಟ್ಕಂಡ್ಳು, ಏನು ತೊಟ್ಕಂಡ್ಳು" ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುತ್ತಿತ್ತು. ಅಲ್ಲಿ ಮಾಲಿನಿ ಇದ್ದಳು, ಅವನ ಎರಡನೆಯ ಹೆಂಡತಿ. ಒಂದು ಸೀರೆ ಅವಳದು. ಯಾವುದು ಎಂದು ಅವಳು ಬಂದು ಕೇಳುವುದರೊಳಗೆ ಅವನು ತಿಳಿದುಕೊಳ್ಳಬೇಕಾಗಿತ್ತು.

ಅವರ ಕಡೆಯ ಪದ್ಧತಿ ಹಾಗೆ. ಮೊದಲ ಹೆಂಡತಿ ಸತ್ತು ಎರಡನೆಯವಳು ಬಂದರೆ, ಬಂದವಳ ಕೊರಳಿನಲ್ಲಿ ತಾಳಿಯ ಪಕ್ಕ ಸತ್ತವಳ ಹೆಸರಿನ ಒಂದು ಪುಟ್ಟ ಚಿನ್ನದ ಬೊಟ್ಟು ಪೋಣಿಸುತ್ತಾರೆ. ಸವತಿ ಬೊಟ್ಟು ಎನ್ನುತ್ತಾರೆ. ವರ್ಷಕ್ಕೊಮ್ಮೆ, ಈ ಅಮಾವಾಸ್ಯೆಯ ದಿನ, ಸತ್ತವಳಿಗೆ ಹೊಸ ಸೀರೆ ಇಟ್ಟು ಎಡೆ ಹಾಕುತ್ತಾರೆ. ಆಮೇಲೆ ಆ ಸೀರೆಯನ್ನು ಬದುಕಿರುವವಳು ಉಟ್ಟುಕೊಳ್ಳಬೇಕು. ಉಟ್ಟದ್ದನ್ನು ಕಂಡು ಹೋದವಳ ಹೊಟ್ಟೆ ತಣ್ಣಗಾಗುತ್ತದಂತೆ. ಮಾಲಿನಿ ಈ ಮನೆಗೆ ಬಂದಾಗಿನಿಂದ ತುಟಿ ಪಿಟಕ್ಕೆನ್ನದೆ ಬೊಟ್ಟು ಹಾಕಿಕೊಂಡಿದ್ದಳು, ಸೀರೆ ಉಟ್ಟಿದ್ದಳು. ಈ ಸಲ ಮಾತ್ರ ಪಿತೃಪಕ್ಷ ಶುರುವಾದ ದಿನ, ಹುರುಳಿಕಾಯಿಯ ನಾರು ತೆಗೆಯುತ್ತ, ತಲೆ ಎತ್ತದೆ ಹೇಳಿದಳು: "ರೀ, ನಾನು ಬಂದಾಗ್ಲಿಂದ ನೀವು ಕೈಯಾರ ತಂದ ಸೀರೆಯೆಲ್ಲಾ ಅವ್ರಿಗೆ ತಂದಿದ್ದು. ನಾನು ಉಟ್ಟು ಹರಿದಿದ್ದು ಅಷ್ಟೆ. ಈ ಸಲ ನಂಗೆ ಅಂತ ಒಂದು ತನ್ನಿ." ಅವನು, ದೀಪಾವಳಿಗೆ ದುಡ್ಡು ಕೊಡುತ್ತೇನಲ್ಲ ಎಂದ. "ದುಡ್ಡು ಕೊಟ್ರಿ. ಸೀರೆ ತರ್ಲಿಲ್ಲ" ಎಂದಳು. ಇನ್ನೊಂದು ಕಾಯಿ ಮುರಿದು, "ತರ್ಲಿಲ್ಲಾಂದ್ರೆ ಅಮಾಸೆ ಎಡೆ ಮುಗಿಸಿಕೊಟ್ಟು ಮಾಲೂರಿಗೆ ನಮ್ಮಣ್ಣನ ಮನೆಗೆ ಹೋಗ್ತೀನಿ. ಮತ್ತೆ ಬರಲ್ಲ" ಎಂದಳು. ಅವಳು ಜಗಳದ ಹೆಂಗಸಲ್ಲ. ಕೂಗಾಡಿದ್ದರೆ ಅವನಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಅವಳು ಹೋಗಿಬಿಟ್ಟರೆ ಈ ಮನೆಯಲ್ಲಿ ಅರ್ಧ ಕಿವುಡಿ ತಾಯಿ ಮತ್ತು ತಾನು, ಇಬ್ಬರೂ ಎದುರುಬದುರು ಕೂತು ಮುದ್ದೆ ನುಂಗಬೇಕು ಎಂದು ಯೋಚಿಸಿ ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ.

ನಿನ್ನೆ ಸಂಜೆ ಫ್ಯಾಕ್ಟರಿ ಬಸ್ಸಿನಿಂದ ಇಳಿದು ನೇರ ಹೊಸೂರಿನ ಪೇಟೆಗೆ ಹೋಗಿದ್ದ. ಅಂಗಡಿಯ ಹೆಂಗಸು "ಯಾರುಕ್ಕು ಸಾರ್?" ಎಂದಳು. ಯಾರಿಗೆ? "ಹೆಂಡ್ತಿಗೆ" ಎಂದ. ಹಾಗೆಂದ ಕೂಡಲೇ ನಾಲಿಗೆಯ ಮೇಲೆ ಏನೋ ಕಹಿಯಾಯಿತು. ಯಾವ ಹೆಂಡತಿಗೆ? ಆಕೆಗೆ ಅದೆಲ್ಲ ಬೇಕಿರಲಿಲ್ಲ. "ಅವಂಗ ಸಿವಪ್ಪಾ, ಮಾನಿರಮಾ?" ಎಂದಳು, ಅವರು ಕೆಂಪಗಿದ್ದಾರೋ, ಎಣ್ಣೆಗೆಂಪೋ, ಅದಕ್ಕೆ ತಕ್ಕ ಬಣ್ಣ ತೆಗೆಯುತ್ತೇನೆ ಎಂದು. ಅವನು ಮಾಲಿನಿಯ ಮುಖವನ್ನು ನೆನಪಿಸಿಕೊಳ್ಳಲು ನೋಡಿದ. ಬೆಳಿಗ್ಗೆಯಷ್ಟೇ ತಿಂಡಿಯ ಡಬ್ಬಿ ಕೊಟ್ಟ ಮುಖ. ಡಬ್ಬಿ ಕಣ್ಣಿಗೆ ಬಂತು, ಅದನ್ನು ಹಿಡಿದ ಬಳೆಯ ಕೈ ಬಂತು, ಮುಖದ ಜಾಗದಲ್ಲಿ ಒಮ್ಮೆ ಸತ್ತುಹೋದ ಸರಳಾ, ಒಮ್ಮೆ ಯಾರೂ ಇಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದನೋ, ಪಕ್ಕದಲ್ಲಿದ್ದ ಹುಡುಗಿಯರಿಬ್ಬರು ಕಿಸಕ್ಕೆಂದರು. "ಯಾವುದಾದರೂ ಕೊಡಮ್ಮ" ಎಂದು ಕೈಗೆ ಸಿಕ್ಕಿದ ಹಸಿರಿನ ಮೇಲೆ ಬೆರಳಿಟ್ಟ. ಇನ್ನೊಂದು ಆರಿಸುವಾಗ ಬೇರೆ ಪೀಕಲಾಟ ಶುರುವಾಯಿತು. ಸತ್ತವಳದು ಚೆನ್ನಾಗಿದ್ದರೆ ಇವಳು ಹೊರಟುಹೋಗುತ್ತಾಳೆ; ಇವಳದು ಚೆನ್ನಾಗಿದ್ದರೆ ತಾಯಿ ಊರು ಒಂದು ಮಾಡುತ್ತಾಳೆ, ಸತ್ತವಳೂ ನೊಂದುಕೊಳ್ಳಬಹುದು. ಆಗ ಹೊಳೆಯಿತು. "ಇದರದ್ದೇ ಇನ್ನೊಂದು ಕೊಡಿ" ಎಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೊದಲು ಮುಟ್ಟಿದ್ದು ಮಾಲಿನಿಗೆ, ಆಮೇಲಿನದು ಸರಳಾಗೆ ಎಂದು ಮನಸ್ಸಿನಲ್ಲೇ ಹಂಚಿದ. ಕಷ್ಟದ ಲೆಕ್ಕವೊಂದನ್ನು ಬಿಡಿಸಿದ ಹೆಮ್ಮೆಯಲ್ಲಿ, ಎರಡು ಕೈಗೆ ಎರಡು ಕವರು ಹಿಡಿದು, ಅದಲುಬದಲಾಗದಂತೆ ಜೋಪಾನವಾಗಿ ಆಲಸನತ್ತಂನ ಮನೆಯವರೆಗೆ ನಡೆದೇ ಬಂದಿದ್ದ. ಈಗ ನೋಡಿದರೆ ಆ ಹಂಚಿಕೆ ಅವನ ತಲೆಯಲ್ಲಿ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇರಲಿಲ್ಲ.

ಬಗ್ಗಿ ಎರಡನ್ನೂ ಮೂಸಿದ. ಎರಡರಲ್ಲೂ ಅಂಗಡಿಯ ಗಂಜಿಯ ವಾಸನೆ. ಎರಡರಲ್ಲಿರುವ ಹಸಿರು ಒಂದೇ ಹಸಿರೋ, ಅಥವಾ ಎರಡು ಹಸಿರೋ? ಪ್ರಶ್ನೆ ತಾನಾಗಿ ಬಂತು, ಹಳೆಯ ಚಟ ಮರುಕಳಿಸಿದ ಹಾಗೆ. ಒಂದು ಕಾಲದಲ್ಲಿ ಇದೇ ಅವನ ಅನ್ನವಾಗಿತ್ತು. ಆನೇಕಲ್ಲಿನ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಹೇಳಿಕೊಡುತ್ತಿದ್ದ. ಹುಡುಗರು ಸೇರುವುದು ನಿಂತು ಆ ವಿಷಯವನ್ನೇ ಮುಚ್ಚಿದ ಮೇಲೆ ಹೊಸೂರಿನ ಫ್ಯಾಕ್ಟರಿಗೆ ಬಿದ್ದ. ಅಲ್ಲಿ ಈಗ ದಿನವಿಡೀ ಗೇಜು ಹಿಡಿದು ಕೂತು, ಬರುವ ಬಿಡಿಭಾಗಗಳನ್ನು ಅದರೊಳಗೆ ತೂರಿಸಿ ನೋಡುತ್ತಾನೆ. ಹೋದರೆ ಪಾಸು, ಹೋಗದಿದ್ದರೆ ಕೆಂಪು ಡಬ್ಬಕ್ಕೆ. "ಎನ್ನ ಪ್ರೊಫೆಸರ್, ಪಾಸಾ ಫೇಲಾ?" ಎಂದು ಪಾಳಿಯವರೆಲ್ಲ ತಮಿಳಿನಲ್ಲಿ ಕಾಡಿಸುತ್ತಾರೆ. ಅವನೂ ಹಲ್ಲು ಬಿಡುತ್ತಾನೆ, ಬಿಡದೆ ಏನು ಮಾಡುತ್ತಾನೆ. ಮೇಷ್ಟರಾಗಿದ್ದ ಕಾಲದಲ್ಲಿ ಬೆಂಗಳೂರಿನ ಒಂದು ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಿದ್ದ. ಇರುವುದೆಲ್ಲ ಬಿಡಿ ಬಿಡಿ. ಈ ಹಸು ಇದೆ, ಆ ಹಸು ಇದೆ. ಎಲ್ಲ ಹಸುಗಳೊಳಗೂ ಹೊಕ್ಕು ಕೂತ ಹಸುತನ ಎಂಬ ಇನ್ನೊಂದು ವಸ್ತು ಎಲ್ಲೂ ಇಲ್ಲ. ಹಸು ಎನ್ನುವುದು ನಾವು ಅನುಕೂಲಕ್ಕೆ ಇಟ್ಟುಕೊಂಡ ಹೆಸರು. ಮುಂದಿನ ಸಾಲಿನಲ್ಲಿದ್ದ ನ್ಯಾಯಶಾಸ್ತ್ರದ ವೃದ್ಧ ಪಂಡಿತರೊಬ್ಬರು ಎದ್ದು ನಿಂತು, "ಹಾಗಾದರೆ ನಾಳೆ ಹುಟ್ಟುವ ಕರುವನ್ನು ಕಂಡು ಹಸುವೆಂದು ಹೇಗೆ ಗುರುತಿಸುತ್ತೀರಿ ಸ್ವಾಮಿ? ಹೆಸರು ಅಂಟಬೇಕಾದರೆ ಒಳಗೆ ಅಂಟಿಸಿಕೊಳ್ಳುವುದು ಏನೋ ಒಂದು ಇರಬೇಡವೇ?" ಎಂದರು. "ನಮ್ಮ ಅಭ್ಯಾಸ ಇದೆಯಲ್ಲ, ಅದೇ ಅಂಟು" ಎಂದ ನರಸಿಂಹಪ್ಪ. ಚಪ್ಪಾಳೆ ಬಿತ್ತು.

ಅವತ್ತು ಸರಳಾ ಕೊನೆಯ ಸಾಲಿನಲ್ಲಿ ಕೂತಿದ್ದಳು. ತಳಿ ಎಂಬ ಊರಿನ ಹತ್ತಿರದ ಹಳ್ಳಿಯವಳು, ಎಂಟನೆಯ ಕ್ಲಾಸಿನವರೆಗೆ ಓದಿದವಳು. ಹೋಗುವಾಗ ಲಾಲ್‌ಬಾಗ್ ತೋರಿಸುತ್ತೇನೆಂದು ಕರೆದುಕೊಂಡು ಹೋಗಿದ್ದ, ಹೊತ್ತಾಯಿತೆಂದು ತೋರಿಸಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಅತ್ತಿಬೆಲೆ ದಾಟಿ ಜೂಜುವಾಡಿಯಲ್ಲಿ ಲಾರಿಗಳ ಮಧ್ಯೆ ಸಿಕ್ಕಿಕೊಂಡು ನಿಂತಾಗ, ಕಿಟಕಿಯಿಂದ ಮುಖ ತಿರುಗಿಸಿ ನಗುತ್ತ ಕೇಳಿದ್ದಳು: "ಹೆಸ್ರು ಅನ್ನೋದು ಬರೀ ಅನುಕೂಲ ಅಂದ್ರಲ್ಲ, ನನ್ ಹೆಸ್ರಿಂದ ನಿಮ್ಗೆ ಅಷ್ಟೂ ಅನುಕೂಲ ಇಲ್ವಾ?" ಅವನಿಗೆ ನಗು ಬಂದಿತ್ತು. ಅವನ ಅಪ್ಪ ಅವನ ಅಮ್ಮನನ್ನು ಸಾಯುವ ತನಕ "ಏಯ್" ಎಂದೇ ಕರೆದವನು. ಅವನು ಓದಿದವನು, ಆದ್ದರಿಂದ "ಇವಳೇ" ಎನ್ನುತ್ತಿದ್ದ. ಇವಳೇ, ನೀರು ಕೊಡು. ಇವಳೇ, ಛತ್ರಿ ಎಲ್ಲಿ. ಹೆಂಡತಿಯ ಹೆಸರು ಹಿಡಿದು ಕೂಗುವುದು ಸಿನಿಮಾದವರ ಕೆಲಸ. ಇವಳೇ ಎಂಬ ಆ ಮಾತೇ ಎಷ್ಟು ಚೆನ್ನಾಗಿದೆ ಎಂದೂ ಒಮ್ಮೆ ಅಂದುಕೊಂಡಿದ್ದ: ಎದುರಿಗಿರುವ ಈ ಒಬ್ಬಳನ್ನು ಬಿಟ್ಟು ಇನ್ನಾರಿಗೂ ಸಲ್ಲದ ಮಾತು. ಸರಳಾ ಹೋದಳು, ಮಾಲಿನಿ ಬಂದಳು, ಬಂದ ಮಾರನೆಯ ಬೆಳಿಗ್ಗೆ "ಇವಳೇ, ಟವಲ್ಲು" ಎಂದ. ಮಾಲಿನಿ ತಂದುಕೊಟ್ಟಳು. ಆ ಮಾತು ಒಂದಿಷ್ಟೂ ಕುಂಟಲಿಲ್ಲ.

"ತಂದ್ರಾ?" ಎಂದು ಮಾಲಿನಿ ಬಾಗಿಲಲ್ಲಿ ನಿಂತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು, ಹಣೆಯ ಮೇಲೆ ಬೆವರು. ಅವಳ ಕಣ್ಣು ಮಣೆಯ ಮೇಲೆ ಹೋಯಿತು. ಎರಡು ಇರುವುದನ್ನು ಕಂಡಾಗ ಮುಖದಲ್ಲಿ ಏನೋ ಒಂದು ಮೇಲಕ್ಕೆ ಬಂತು; ಅದನ್ನು ಕಂಡು ಅವನ ಎದೆ ಹಗುರಾಯಿತು. ಹತ್ತಿರ ಬಂದು ಬಗ್ಗಿ ನೋಡಿದಳು.

"ಎರಡೂ ಒಂದೇ ಥರ ಇವೆಯಲ್ಲ."

"ಭೇದ ಮಾಡಬಾರದು ಅಂತ..."

"ಆಯ್ತು ಬಿಡಿ. ನಂದ್ಯಾವ್ದು?"

"ಮೇಲಿಂದು" ಎಂದ ತಕ್ಷಣ. ತಡಮಾಡಿದರೆ ಕೆಟ್ಟಿತು ಎಂದು ಅವನಿಗೆ ಗೊತ್ತಿತ್ತು.

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಎರಡನ್ನೂ ಎತ್ತಿಕೊಂಡು, ಅವನಿಗೆ ಬೆನ್ನು ಮಾಡಿ ನಿಂತು, ಕೈಯಲ್ಲಿ ಏನೋ ಅದಲುಬದಲು ಮಾಡಿ, ತಿರುಗಿ ಅಕ್ಕಪಕ್ಕದಲ್ಲಿ ಇಟ್ಟಳು. "ಈಗ ಯಾವ್ದು?"

ಅವನು ನೋಡಿದ. ಗೇಜು ಹಿಡಿದು ಕೂದಲೆಳೆಯ ವ್ಯತ್ಯಾಸ ಕಂಡುಹಿಡಿಯುವ ಕಣ್ಣು. ಒಂದರ ಅಂಚಿನಲ್ಲಿ ಅರಿಶಿನದ ಚುಕ್ಕೆ, ಇನ್ನೊಂದರಲ್ಲೂ ಚುಕ್ಕೆ. ವಯಸ್ಸಾದ ಮೇಷ್ಟರನ್ನು ಹುಡುಗರು ಬೆಂಚಿನ ಮೇಲೆ ನಿಲ್ಲಿಸಿದಂಥ ಅವಮಾನ. "ಅಮ್ಮ ಕಲಸಿಬಿಟ್ಟಳು, ನಾನು ಬೇರೆ ಬೇರೆ ಇಟ್ಟಿದ್ದೆ, ಆಣೆ ಮಾಡ್ತೀನಿ" ಎಂದ. "ಎರಡೂ ಒಂದೇ ಅಲ್ವಾ, ಯಾವುದಾದ್ರೂ ತಗೋ. ಅದರಲ್ಲೇನು ಬಂತು?"

"ಹೌದು" ಎಂದಳು ಮಾಲಿನಿ, ಬಹಳ ಮೆಲ್ಲಗೆ. "ನಿಮ್ಗೆ ಯಾವುದಾದ್ರೂ ಆಗತ್ತೆ." ಎರಡನ್ನೂ ಮತ್ತೆ ಒಂದರ ಮೇಲೊಂದು ಇಟ್ಟು ಒಳಗೆ ಹೋದಳು. ವಡೆ ಸೀದ ವಾಸನೆ ಬರುತ್ತಿತ್ತು.

ಪೂಜೆಯೇನೋ ನಡೆಯಿತು. ಪಿಳ್ಳಮ್ಮ ಹೇಳಿದಂತೆ ಅವನು ಕಾಯಿ ಒಡೆದ, ಧೂಪ ಹಾಕಿದ. ಮಾಲಿನಿ ಎಡೆಗೆ ಒಂದೊಂದೇ ಬಡಿಸಿದಳು, ಅನ್ನ, ಹುರುಳಿಕಾಯಿ ಪಲ್ಯ, ವಡೆ, ಪಾಯಸ. ಬಗ್ಗಿದಾಗಲೆಲ್ಲ ಅವಳ ಕೊರಳಿನಿಂದ ಸವತಿ ಬೊಟ್ಟು ಜೋತುಬಿದ್ದು ತಾಳಿಗೆ ತಗಲುತ್ತಿತ್ತು. "ಸೀರೆ ಉಟ್ಕಳಮ್ಮಿ" ಎಂದಳು ಪಿಳ್ಳಮ್ಮ. "ಆಮೇಲೆ ಉಡ್ತೀನತ್ತೆ" ಎಂದಳು ಮಾಲಿನಿ. ಮುದುಕಿ ಮಗನ ಕಡೆ ತಿರುಗಿ, ತನಗೆ ಗುಟ್ಟು ಎನಿಸಿದ ದೊಡ್ಡ ದನಿಯಲ್ಲಿ, "ಏನ್ಲಾ ಇವ್ಳದು ಮುನಿಸು? ಹೆಂಡ್ತಿ ಅನ್ನೋ ಜಾಗ ಒಂದೇ ಕಣ್ಲಾ. ಕೂತ್ಕಳೋರು ಒಬ್ರು ಹೋದ್ರೆ ಇನ್ನೊಬ್ರು ಬತ್ತಾರೆ. ಅದುಕ್ಯಾಕೆ ಮಕ ಊದಿಸ್ಕಬೇಕು?" ಎಂದಳು. ಮಾಲಿನಿಯ ಕೈಯ ಸೌಟು ಅರೆಗಳಿಗೆ ನಿಂತು ಮತ್ತೆ ಬಡಿಸಿತು. ಅವನಿಗೆ ತಾಯಿಯ ಮೇಲೆ ಸಿಟ್ಟು ಬಂತು, ಆ ಸಿಟ್ಟಿನೊಳಗೇ ಹೇಸಿಗೆಯೂ ಬಂತು. ಆ ಪಂಡಿತರು ಹೇಳಿದ್ದನ್ನೇ ಅಲ್ಲವೇ ಮುದುಕಿ ಹೇಳುತ್ತಿರುವುದು? ತಾನು ಮಾತಿನಲ್ಲಿ ಅದನ್ನು ಅಲ್ಲಗಳೆದು ಚಪ್ಪಾಳೆ ಗಿಟ್ಟಿಸಿ, ಮನೆಗೆ ಬಂದು ಅದರ ಪ್ರಕಾರವೇ ಬದುಕಿದ. ಇರುವುದೆಲ್ಲ ಬಿಡಿ ಬಿಡಿ ಎಂದು ಸಾರಿದವನು ಒಂದೇ ಒಂದು ಬಿಡಿಯನ್ನೂ ಕಣ್ಣಿಟ್ಟು ನೋಡಲಿಲ್ಲ.

ಆಸ್ಪತ್ರೆಯ ಮರದ ಬೆಂಚು ನೆನಪಾಯಿತು. ಸರಳಾಗೆ ಕಾಮಾಲೆ ಏರಿ ಒಳಗೆ ಸೇರಿಸಿದ್ದರು. ನರ್ಸು ಬಾಗಿಲು ಅರೆ ತೆರೆದು, "ಸರಳಾ ಕೂಡ ಯಾರು ವಂದಿರುಕ್ಕೀಂಗ?" ಎಂದು ಕೂಗಿದಳು. ಸರಳಾ ಜೊತೆ ಯಾರು ಬಂದಿದ್ದೀರಿ? ಅವನು ಏಳಲಿಲ್ಲ. ಸುತ್ತ ನೋಡಿದ, ಪಾಪ ಯಾರೋ ಸರಳಾ ಎನ್ನುವವಳು, ಅವಳ ಜನ ಎಲ್ಲಿ ಹೋದರೋ ಎಂದುಕೊಂಡ. ನರ್ಸು ಇನ್ನೊಮ್ಮೆ ಕೂಗಿದಳು. ಪಕ್ಕದಲ್ಲಿದ್ದ ಮುದುಕ ಅವನ ಮೊಣಕೈ ತಿವಿದು, "ನಿಮ್ಮೋರೇ ಅಲ್ವಾ?" ಎಂದ ಮೇಲೆಯೇ ಎದ್ದದ್ದು. ಆಮೇಲೆ ವರ್ಷಗಟ್ಟಲೆ, ತಮಿಳಿನಲ್ಲಿ ಕರೆದಳು, ಅದಕ್ಕೇ ತಿಳಿಯಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ತಮಿಳು! ಒಳಗೆ ಹೋದಾಗ ಸರಳಾ ಹಳದಿ ಕಣ್ಣು ಬಿಟ್ಟು, "ಎರಡು ಸಲ ಕೂಗಿದ್ರು" ಎಂದಿದ್ದಳು. ಅಷ್ಟೇ ಅಂದದ್ದು. ಮೂರನೆಯ ದಿನ ಹೋಗಿಬಿಟ್ಟಳು.

ಎಡೆಯ ಎಲೆ ಹಿಡಿದು ಅವನು ತಾರಸಿಗೆ ಹತ್ತಿದ. ಪಿಳ್ಳಮ್ಮ ಮಂಡಿ ಹಿಡಿದುಕೊಂಡು, ಮೆಟ್ಟಿಲಿಗೊಮ್ಮೆ "ಶಿವನೇ" ಎನ್ನುತ್ತ ಹಿಂದೆ ಬಂದಳು. ಕಾಗೆ ಮುಟ್ಟಬೇಕು. ಮುಟ್ಟಿದರೆ ಸತ್ತವಳು ಉಂಡ ಹಾಗೆ. ಮುಟ್ಟದಿದ್ದರೆ ಅವಳಿಗೇನೋ ಕೊರಗು ಉಳಿದಿದೆ ಎಂದು ಅರ್ಥ. ನೀರಿನ ಟ್ಯಾಂಕಿನ ಪಕ್ಕ ಎಲೆ ಇಟ್ಟು "ಕಾ, ಕಾ" ಎಂದ. ಸುತ್ತಲಿನ ತಾರಸಿಗಳ ಮೇಲೆಲ್ಲ ಎಲೆಗಳು, ಎಲ್ಲ ಕಡೆ ಗಂಡಸರು ಕಾ ಕಾ ಎನ್ನುತ್ತಿದ್ದರು. ಅವತ್ತು ಕಾಗೆಗಳಿಗೆ ಊರೆಲ್ಲ ಮದುವೆಮನೆ. ಎದುರು ಮನೆಯ ಟೀವಿ ಡಿಶ್ಶಿನ ಮೇಲೆ ಮೂರು ನಾಲ್ಕು ಕೂತು, ಹೊಟ್ಟೆ ತುಂಬಿದ ನೆಂಟರಂತೆ ಇತ್ತ ನೋಡಿ ಅತ್ತ ತಿರುಗುತ್ತಿದ್ದವು. ಅವುಗಳಲ್ಲಿ ಯಾವುದು? ಯಾವುದಾದರೂ ಸರಿಯೇ? ಕಾಗೆ ಎನ್ನಿಸಿಕೊಂಡರೆ ಸಾಕು, ಅದರೊಳಗೆ ಸರಳಾ ಬಂದುಬಿಡುತ್ತಾಳೆಯೇ? ಬಿಸಿಲು ನೆತ್ತಿಗೆ ಏರಿತು. ಪಾಯಸದ ಮೇಲೆ ಕೆನೆ ಕಟ್ಟಿತು.

"ಅವ್ಳ ಮನ್ಸಲ್ಲಿ ಏನೋ ಐತೆ ಕಣ್ಲಾ" ಎಂದಳು ಪಿಳ್ಳಮ್ಮ. "ಹೆಸ್ರಿಡಿದು ಕರಿ. ಬರೀ ಕಾ ಕಾ ಅಂದ್ರೆ ಯಾರ್ನ ಕರೀತಾವ್ನೆ ಅಂತ ಅವ್ಳಿಗೆಂಗ್ಲಾ ಗೊತ್ತಾದಾತು?"

ಅವನು ಬಾಯಿ ತೆರೆದ. ಪಕ್ಕದ ತಾರಸಿಯಲ್ಲಿ ಆ ಮನೆಯ ಶ್ಯಾಮಲಮ್ಮ ಬಟ್ಟೆ ಒಣಗಹಾಕುತ್ತಿದ್ದಳು. ನಾಚಿಕೆಯಾಯಿತು, ಈ ವಯಸ್ಸಿನಲ್ಲಿ. ಮತ್ತೆ ಹಳದಿ ಕಣ್ಣು ನೆನಪಾಯಿತು. "ಸರಳಾ" ಎಂದ. ದನಿ ಹೊರಡಲಿಲ್ಲ. "ಸರಳಾ!" ಈ ಸಲ ಬೀದಿಗೆಲ್ಲ ಕೇಳುವಂತೆ ಹೊರಟಿತು. "ಸರಳಾ, ಬಾ ಸರಳಾ, ತಪ್ಪಾಯ್ತು ಬಾ!" ಕಣ್ಣಲ್ಲಿ ನೀರು ಬಂತು. ಎಷ್ಟು ಸುಲಭವಾಗಿತ್ತು. ಮೂರಕ್ಷರ. ಬಸ್ಸಿನಲ್ಲಿ ಅವಳು ಕೇಳಿದ್ದು ಇಷ್ಟನ್ನೇ.

ಹಿಂದೆ ಸದ್ದಾಯಿತು. ಎಡೆಗೆ ನೀರು ತಂದ ಮಾಲಿನಿ ಮೆಟ್ಟಿಲಿನ ಕೊನೆಯಲ್ಲಿ ಚೊಂಬು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಾಗಿತ್ತೋ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಬಹಳ ದಿನ ಹುಡುಕಿದ ಸಾಮಾನು ಪಕ್ಕದ ಮನೆಯಲ್ಲಿ ಸಿಕ್ಕಿದವಳ ಹಾಗೆ ನೋಡುತ್ತಿದ್ದಳು.

"ನಿಮ್ಮ ಬಾಯಿಗೆ ಹೆಸ್ರು ಬರತ್ತೆ ಹಾಗಾದ್ರೆ" ಎಂದಳು. "ನಂದು ಬರ್ಬೇಕಾದ್ರೆ ನಾನೂ ಸಾಯ್ಬೇಕೇನ್ರೀ?"

ಅವನು ತಿರುಗಿದ. ಹೆಸರು ನಾಲಿಗೆಯ ತುದಿಯಲ್ಲೇ ಇತ್ತು, ಅವನು ಅದನ್ನು ಕಂಡ. ಆ ಹೊತ್ತಿಗೆ ಸರಿಯಾಗಿ ಡಿಶ್ಶಿನಿಂದ ಒಂದು ಕಾಗೆ ಹಾರಿ ಟ್ಯಾಂಕಿನ ಮೇಲೆ ಕೂತು ಎಲೆಯ ಕಡೆ ಕತ್ತು ಚಾಚಿತು. "ಬಂತು ಕಣ್ಲಾ, ಅಲ್ಲಾಡ್ಬೇಡ!" ಎಂದು ತಾಯಿ ಪಿಸುಗುಟ್ಟಿದಳು. "ಇರೇ, ಇವಳೇ, ಕಾಗೆ ಬಂತು" ಎಂದುಬಿಟ್ಟ.

ಮಾಲಿನಿ ಚೊಂಬನ್ನು ನೆಲಕ್ಕೆ ಇಟ್ಟು ಇಳಿದು ಹೋದಳು.

ಕಾಗೆಗೆ ಅವಸರವಿರಲಿಲ್ಲ. ಟ್ಯಾಂಕಿನ ಮೇಲೆ ಅತ್ತ ಇತ್ತ ಓಡಾಡಿತು, ಕೊಕ್ಕು ಉಜ್ಜಿಕೊಂಡಿತು. ಕೆಳಗೆ ಗೇಟಿನ ಕಿರುಗುಟ್ಟು ಕೇಳಿಸಿತು. ಕಸ ಹಾಕಲು ಹೋಗಿರಬೇಕು ಎಂದುಕೊಂಡ. ಹಾಗಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಎಲೆಯನ್ನು ಬಿಟ್ಟು ಹೋಗುವ ಧೈರ್ಯ ಬರಲಿಲ್ಲ. ಕಾಗೆ ಬೆದರಿ ಹಾರಿದರೆ ಸರಳಾ ಇನ್ನೊಂದು ವರ್ಷ ಉಪವಾಸ. ಕೊನೆಗೆ ಅದು ಇಳಿಯಿತು, ಒಂದು ವಡೆ ಕಚ್ಚಿಕೊಂಡು ಹಾರಿತು. ಪಿಳ್ಳಮ್ಮ ಕೈಮುಗಿದಳು.

ಅವನು ಕೆಳಗೆ ಬಂದ. ಅಡುಗೆಮನೆ ಗುಡಿಸಿ ಒರೆಸಿಟ್ಟಿತ್ತು. ಪಾತ್ರೆಗಳಿಗೆಲ್ಲ ತಟ್ಟೆ ಮುಚ್ಚಿತ್ತು, ನಡುಮನೆಯಲ್ಲಿ ತಾಯಿಗೂ ಅವನಿಗೂ ಎರಡು ಎಲೆ ಹಾಸಿ ನೀರು ಇಟ್ಟಿತ್ತು. ಬಾಗಿಲ ಹತ್ತಿರ ಅವಳ ಚಪ್ಪಲಿ ಇರಲಿಲ್ಲ. ಮಣೆಯ ಮೇಲೆ ಒಂದೇ ಸೀರೆ ಇತ್ತು. ಅದರ ಮೇಲೆ, ದಾರದಿಂದ ಬಿಚ್ಚಿಟ್ಟ ಸವತಿ ಬೊಟ್ಟು. ಇನ್ನೊಂದು ಸೀರೆಯನ್ನು ಅವಳು ತೆಗೆದುಕೊಂಡು ಹೋಗಿದ್ದಳು. ಬರಿಗಾಲಲ್ಲಿ ಬೀದಿಗೆ ಓಡಿದ. ಆಟೋ ಒಂದು ನಿಂತಿತ್ತು, ಒಳಗೆ ಯಾರೂ ಇರಲಿಲ್ಲ. ತಿರುವಿನ ತನಕ ಹೋಗಿ ನೋಡಿ ಬಂದ. ಮತ್ತೆ ಮಣೆಯ ಮುಂದೆ ಕೂತ. ಈಗ ಯಾವ ಗೊಂದಲವೂ ಇರಲಿಲ್ಲ. ಇದು ಸರಳಾಳ ಸೀರೆ. ಹೋದದ್ದು ಮಾಲಿನಿಯ ಸೀರೆ. ಬೆಳಿಗ್ಗೆಯಿಂದ ತನಗೆ ಹೇಳಲಾಗದೆ ಹೋದದ್ದನ್ನು ಅವಳು ತಾನೇ ಆರಿಸಿಕೊಂಡು ಹೋಗಿದ್ದಳು.

ಮೆಟ್ಟಿಲ ಮೇಲಿಂದ ಪಿಳ್ಳಮ್ಮ ಕೂಗಿದಳು. "ಗೇಟು ತೆಗ್ದೈತಲ್ಲ, ಯಾರ್ಲಾ ಹೋಗಿದ್ದು?"

"ಮಾಲಿನಿ" ಎಂದ.

"ಯಾರೂ? ಕೇಳಿಸ್ನಿಲ್ಲ ಕಣ್ಲಾ."

"ಮಾಲಿನಿ, ಅಮ್ಮ" ಎಂದು ಅವನು ಗಟ್ಟಿಯಾಗಿ ಕೂಗಿದ. "ಮಾಲಿನಿ!"